ಲಿನಕ್ಸ್‌ನ್ಯಾಗ ಸ್ಕ್ರೀನ್ ಲಾಕ್ ಕೈಕೊಟ್ರ ಏನ್ ನೋಡ್ಬೇಕು: ಲಕ್ಷಣ ಹಿಡ್ದು ದೋಷ ಹುಡುಕೋ ಕೈಪಿಡಿ

ಗಂಗಾವತಿ ರೈಸ್‌ಮಿಲ್ ಆಫೀಸ್ ಇರ್ಲಿ, ಬಳ್ಳಾರಿ ಜೀನ್ಸ್ ಯೂನಿಟ್‌ನ ಲೆಕ್ಕದ ಟೇಬಲ್ ಇರ್ಲಿ, ರಾಯಚೂರು ಬಸ್‌ಸ್ಟ್ಯಾಂಡ್ ಬಾಜೂಕಿನ ಝೆರಾಕ್ಸ್ ಅಂಗಡಿ ಇರ್ಲಿ, ಕಂಪ್ಯೂಟರ್ ಇರೋದು ಹತ್ತು ಮಂದಿ ಬಂದು ಹೋಗೋ ಜಾಗದಾಗ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು, ಹಳೇ ಮಷೀನ್‌ಗೆ ವಿಂಡೋಸ್ 11 ಕೂಡಂಗಿಲ್ಲ, ಹಂಗಾಗಿ ಒಬ್ಬೊಬ್ಬರಾಗಿ ಮಿಂಟ್ ಇಲ್ಲಾ ಉಬುಂಟು ಅನ್ನೋ ಲಿನಕ್ಸ್ ಹಾಕ್ಸಿಕೊಳ್ಳಾಕತ್ತಾರ. ಹಾಕ್ಸಿಕೊಂಡ ಮ್ಯಾಲ ಮೊದಲ್ನೇ ದೂರು ಪ್ರಿಂಟರ್‌ದು, ಎರಡ್ನೇದು ಈ ಲಾಕ್‌ದು. "ಚಾ ಕುಡ್ದು ಬರೂದ್ರಾಗ ಯಾರೋ ಬಂದು ನನ್ನ ಫೈಲ್ ತಗದಾರ, ಸ್ಕ್ರೀನ್ ಕಪ್ಪಾಗಿತ್ತಲ್ಲ, ಲಾಕ್ ಆಗಿರಬೇಕಲ್ಲ?" ಅಂತ.

ಅಲ್ಲೇ ಐತಿ ನೋಡ್ರಿ ಗೊಂದಲ. ಸ್ಕ್ರೀನ್ ಕಪ್ಪಾಗೋದು ಬೇರೆ, ಲಾಕ್ ಬೀಳೋದು ಬೇರೆ, ಮಷೀನ್ ಸಸ್ಪೆಂಡ್ ಆಗೋದು, ಅಂದ್ರ ಮಲಗೋದು, ಬೇರೆ. ಲಿನಕ್ಸ್‌ನ್ಯಾಗ ಈ ಮೂರೂ ಕೆಲಸನ ಬೇರೆ ಬೇರೆ ಪ್ರೋಗ್ರಾಂ ಮಾಡ್ತಿರಬಹುದು, ಒಂದಕ್ಕ ಇನ್ನೊಂದರ ಖಬರ್ ಇರಲಿಕ್ಕಿಲ್ಲ. ದೋಷ ಹುಡುಕೋದು ಅಂದ್ರ ಈ ಮೂರ್ರಾಗ ಯಾವ್ದು ಆಗವಲ್ದು ಅಂತ ಗುರ್ತು ಹಚ್ಚೋದು, ಅಷ್ಟ.

ಕೈ ಹಚ್ಚೋ ಮೊದ್ಲ ಒಂದೆರಡು ಮಾತು. ತೆರೆದಿರೋ ಕೆಲಸ ಎಲ್ಲಾ ಸೇವ್ ಮಾಡ್ರಿ, ಲಾಕ್ ಟೆಸ್ಟ್ ಮಾಡೂಮುಂದ ಒಮ್ಮೊಮ್ಮೆ ಡೆಸ್ಕ್‌ಟಾಪ್ ಹೊಸದಾಗಿ ಚಾಲೂ ಆಗ್ತೈತಿ, ಅರ್ಧ ಬರೆದ ಬಿಲ್ ಹೋಗಿಬಿಡ್ತೈತಿ. ನಿಮ್ಮ ಪಾಸ್‌ವರ್ಡ್ ನಿಮಗ ಖಾತ್ರಿ ನೆನಪೈತಿಲ್ಲೋ ನೋಡ್ಕೊಳ್ರಿ, ಆಟೋ ಲಾಗಿನ್ ಇಟ್ಟವ್ರಿಗೆ ಪಾಸ್‌ವರ್ಡ್ ಏನಿತ್ತಂತ ನೆನಪ ಇರಂಗಿಲ್ಲ. ನಿಮ್ಮದಲ್ಲದ ಮಷೀನ್ ಮ್ಯಾಲ ಇದನ್ಯಾವ್ದೂ ಪ್ರಯೋಗ ಮಾಡಬ್ಯಾಡ್ರಿ. ಮತ್ತ ಇಲ್ಲಿ ಕಮಾಂಡ್‌ಗಳ ಹೆಸರು ಕನ್ನಡ ಅಕ್ಷರದಾಗ ಬರ್ದೀನಿ, ಟರ್ಮಿನಲ್‌ನ್ಯಾಗ (ಕಮಾಂಡ್ ಹೊಡಿಯೋ ಕಿಟಕಿ) ಹೊಡಿಯೂಮುಂದ ಇಂಗ್ಲಿಷ್ ಸಣ್ಣಕ್ಷರದಾಗ ಹೊಡೀರಿ.

ಇನ್ನೊಂದು, ಪರದಿ ಮ್ಯಾಲ ವಿಂಡೋ ತೋರಿಸೋ ವ್ಯವಸ್ಥೆ ಎರಡದಾವ, ಹಳೇದು ಎಕ್ಸ್11, ಹೊಸದು ವೇಲ್ಯಾಂಡ್. ನಿಮ್ಮ ಡೆಸ್ಕ್‌ಟಾಪ್ ಯಾವ್ದರ ಮ್ಯಾಲ ನಡದೈತಿ ಗೊತ್ತಿರಬೇಕು, ಮುಂದ ಭಾಳ ಕಡೆ ಉತ್ತರ ಇದರ ಮ್ಯಾಲ ನಿಂತೈತಿ. ಉಬುಂಟುದಾಗ ಸೆಟ್ಟಿಂಗ್ಸ್, ಅಬೌಟ್, ಅಲ್ಲಿ ಸಿಸ್ಟಂ ಡೀಟೇಲ್ಸ್ ತೆಗದ್ರ ವಿಂಡೋಯಿಂಗ್ ಸಿಸ್ಟಂ ಅಂತ ಬರ್ದಿರ್ತೈತಿ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಇದ್ದವ್ರದು ಹೆಚ್ಚುಕಮ್ಮಿ ಎಕ್ಸ್11ಏ, ವೇಲ್ಯಾಂಡ್ ಅದರಾಗ ಪ್ರಯೋಗಕ್ಕಂತ ಬಂದಿದ್ದ 21.3 ವರ್ಷನ್‌ನ್ಯಾಗ.

## ಸ್ಕ್ರೀನ್ ಕಪ್ಪಾಗ್ತೈತಿ, ಮೌಸ್ ಅಲುಗಿಸಿದ್ರ ಪಾಸ್‌ವರ್ಡ್ ಕೇಳ್ದಂಗ ತೆರಕೊಂತೈತಿ

ಹೆಚ್ಚಿನ ದೂರು ಇದ, ಖರ್ಚಿಲ್ಲದ ರಿಪೇರಿನೂ ಇದ. ಮೊದ್ಲ ಕೈಯಿಂದ ಲಾಕ್ ಮಾಡಿ ನೋಡ್ರಿ. ಗ್ನೋಮ್, ಕೆಡಿಇ, ಸಿನಮನ್, ಎಕ್ಸ್‌ಎಫ್‌ಸಿಇ ಅಂದ್ರ ಡೆಸ್ಕ್‌ಟಾಪ್‌ನ ಬೇರೆ ಬೇರೆ ತರ. ಉಬುಂಟು ಗ್ನೋಮ್ ಇದ್ರ, ಕೆಡಿಇ ಇದ್ರ ವಿಂಡೋಸ್ ಕೀ ಜೊತಿ ಎಲ್ ಒತ್ರಿ, ಮಿಂಟ್ ಸಿನಮನ್ ಇಲ್ಲಾ ಎಕ್ಸ್‌ಎಫ್‌ಸಿಇ ಇದ್ರ ಕಂಟ್ರೋಲ್, ಆಲ್ಟ್, ಎಲ್ ಮೂರೂ ಕೂಡ್ಸಿ ಒತ್ರಿ. ಪಾಸ್‌ವರ್ಡ್ ಕೇಳೋ ಪರದೆ ಬಂತಂದ್ರ ಲಾಕ್ ಮಾಡೋ ಪ್ರೋಗ್ರಾಂ ಆರಾಮ್ ಐತಿ, ದೋಷ ಬರೇ ಟೈಮಿಂಗ್‌ದು.

ಗ್ನೋಮ್‌ನ್ಯಾಗ ಪ್ರೈವಸಿ ಒಳಗ ಸ್ಕ್ರೀನ್ ಲಾಕ್ ಅಂತ ಐತಿ. ಅದ್ರಾಗ ಎರಡು ಬೇರೆ ಬೇರೆ ಟೈಮ್ ಅದಾವ: ಬ್ಲ್ಯಾಂಕ್ ಸ್ಕ್ರೀನ್ ಡಿಲೇ, ಆಟೋಮ್ಯಾಟಿಕ್ ಸ್ಕ್ರೀನ್ ಲಾಕ್ ಡಿಲೇ. ಈ ಎರಡ್ನೇದು ಸ್ಕ್ರೀನ್ ಕಪ್ಪಾದ ಮ್ಯಾಲಿಂದ ಎಣಿಸ್ತೈತಿ, ಅದನ್ನ ಯಾರೂ ಗಮನಿಸಂಗಿಲ್ಲ. ಮೊದಲ್ನೇದು 5 ನಿಮಿಷ, ಎರಡ್ನೇದು 30 ನಿಮಿಷ ಇದ್ರ ನೀವು ಕೈ ಬಿಟ್ಟ 35 ನಿಮಿಷದ ತನಕ ಯಾರ್ ಬೇಕಾದ್ರೂ ಮೌಸ್ ಮುಟ್ಟಿ ಒಳಗ ಬರಬಹುದು, ನೋಡಿದ್ರ ಮಾತ್ರ ಕಪ್ಪ ಸ್ಕ್ರೀನ್. ಎರಡ್ನೇದನ್ನ ಸ್ಕ್ರೀನ್ ಟರ್ನ್ಸ್ ಆಫ್ ಅಂತ ಇಟ್ಟುಬಿಡ್ರಿ, ಕಪ್ಪಾದ ಕೂಡ್ಲೆ ಲಾಕ್. ಸಿನಮನ್‌ನ್ಯಾಗ ಇದ ಸೆಟ್ಟಿಂಗ್ ಸ್ಕ್ರೀನ್‌ಸೇವರ್ ಒಳಗ ಐತಿ. ಕೆಡಿಇದಾಗ ಸ್ಕ್ರೀನ್ ಲಾಕಿಂಗ್ ಒಳಗ, ಅಲ್ಲಿ ಲಾಕ್ ಬಿದ್ದ ಮ್ಯಾಲ ಇಷ್ಟು ಸೆಕೆಂಡ್ ಪಾಸ್‌ವರ್ಡ್ ಇಲ್ಲದ ತೆರಿಬಹುದು ಅನ್ನೋದು ಒಂದೈತಿ, 5 ಸೆಕೆಂಡ್ ಇದ್ರ ಅದು ದೋಷ ಅಲ್ಲ, ಬೇಕಂತ ಕೊಟ್ಟಿದ್ದು. ಅಂಗಡ್ಯಾಗ ಇರೋ ಮಷೀನ್‌ಗೆ ಬ್ಲ್ಯಾಂಕ್ 5 ನಿಮಿಷ ಸಾಕು, 2 ಇಟ್ರ ಗಿರಾಕಿ ಜೊತಿ ಮಾತಾಡೂದ್ರಾಗ ಲಾಕ್ ಬಿದ್ದು ಬಿದ್ದು ಬ್ಯಾಸರಾಗಿ ನೀವ ಪೂರ್ತಿ ತಗಸ್ತೀರಿ.

ಹೊರಗಿನ ಮಾನಿಟರ್ ತನ್ನಷ್ಟಕ್ಕ ಪವರ್ ಸೇವಿಂಗ್‌ಗೆ ಹೋದ್ರೂ, ವಿಡಿಯೋ ಕೇಬಲ್ ಸಡಿಲಾದ್ರೂ ಸ್ಕ್ರೀನ್ ಕಪ್ಪಾಗ್ತೈತಿ, ಅದಕ್ಕೂ ಲಾಕ್‌ಗೂ ಸಂಬಂಧ ಇಲ್ಲ.

## ಲಾಕ್ ಕೀ ಒತ್ತಿದ್ರ ಏನೂ ಆಗವಲ್ದು

ಮೆನುದಾಗ ಲಾಕ್ ಬಟನ್ ಐತಿ ನೋಡಿ ಅದನ್ನ ಒತ್ರಿ. ಬಟನ್ನಿಂದ ಲಾಕ್ ಆಗಿ ಕೀಲಿಂದ ಆಗ್ಲಿಲ್ಲಂದ್ರ ಆ ಕೀ ಜೋಡಿನ ಬ್ಯಾರೆ ಯಾವ್ದೋ ಪ್ರೋಗ್ರಾಂ ಹಿಡ್ಕೊಂಡೈತಿ, ಕೀಬೋರ್ಡ್ ಶಾರ್ಟ್‌ಕಟ್ಸ್‌ನ್ಯಾಗ ಬದ್ಲಿ ಮಾಡ್ರಿ, ಮುಗೀತು.

ಎರಡ್ರಿಂದಾನೂ ಆಗ್ಲಿಲ್ಲ, ಇಲ್ಲಾ ಮೆನುದಾಗ ಲಾಕ್ ಅನ್ನೋದ ಇಲ್ಲಂದ್ರ ಲಾಕ್ ಮಾಡೋ ಪ್ರೋಗ್ರಾಂ ಇನ್‌ಸ್ಟಾಲ್ ಇಲ್ಲ ಅಥವಾ ನಡದಿಲ್ಲ. ಇದು ಎಲ್ಲಿ ಆಗ್ತೈತಿ ಅಂದ್ರ ಮಷೀನ್ ಹಳೇದೈತಿ ಅಂತ ಯಾರೋ "ಹಗುರ" ಮಾಡಿ ಕೊಟ್ಟಿರ್ತಾರಲ್ಲ, ಅಲ್ಲಿ. ಲಾಕ್ ಮಾಡೋ ಲೈಟ್‌ಲಾಕರ್ ತಗದಿರ್ತಾರ, ಸ್ಕ್ರೀನ್‌ಸೇವರ್ ತಗದಿರ್ತಾರ, ಮ್ಯಾಲ ನೋಡಿದ್ರ ಮಷೀನ್ ಭಾಳ ಜೋರ್ ಓಡ್ತೈತಿ. ಎಕ್ಸ್‌ಎಫ್‌ಸಿಇ ಇದ್ರ ಸಾಫ್ಟ್‌ವೇರ್ ಮ್ಯಾನೇಜರ್‌ನ್ಯಾಗ ಎಕ್ಸ್‌ಎಫ್‌ಸಿಇ4 ಸ್ಕ್ರೀನ್‌ಸೇವರ್ ಹಾಕ್ರಿ, ಸೆಷನ್ ಅಂಡ್ ಸ್ಟಾರ್ಟಪ್ ಒಳಗ ಅದಕ್ಕ ಟಿಕ್ ಐತಿಲ್ಲೋ ನೋಡ್ರಿ, ಲಾಗ್‌ಔಟ್ ಆಗಿ ಬರ್ರಿ.

ಗ್ನೋಮ್‌ನ್ಯಾಗ ಒಂದು ಬ್ಯಾರೆನ ಕಥಿ ಐತಿ. ಗ್ನೋಮ್‌ನ ಲಾಕ್ ಪರದೆ ಜಿಡಿಎಂ ಅನ್ನೋ ಲಾಗಿನ್ ಮ್ಯಾನೇಜರ್ ಇದ್ರ ಮಾತ್ರ ಕೆಲಸ ಮಾಡ್ತೈತಿ. ಒಂದ ಮಷೀನ್‌ನ್ಯಾಗ ಎರಡು ಮೂರು ಡೆಸ್ಕ್‌ಟಾಪ್ ಹಾಕಿ ನೋಡೋ ಹವ್ಯಾಸ ಇದ್ದವ್ರು ನಡುವ ಲೈಟ್‌ಡಿಎಂ ಅನ್ನೋ ಇನ್ನೊಂದು ಲಾಗಿನ್ ಮ್ಯಾನೇಜರ್ ಆರಿಸಿಬಿಟ್ಟಿರ್ತಾರ, ಅವತ್ತಿಂದ ಗ್ನೋಮ್‌ನ್ಯಾಗ ಲಾಕ್ ಬಂದ್. ಜಿಡಿಎಂಗೆ ವಾಪಸ್ ಹೋದ್ರ ಲಾಕ್ ಬರ್ತೈತಿ.

ಟರ್ಮಿನಲ್‌ನ್ಯಾಗ ಕೇಳಿ ನೋಡೋದಾದ್ರ ಲಾಗಿನ್‌ಸಿಟಿಎಲ್ ಅಂತ ಹೊಡ್ದು ಒಂದು ಸ್ಪೇಸ್ ಬಿಟ್ಟು ಲಾಕ್-ಸೆಷನ್ ಅಂತ ಹೊಡೀರಿ. ಇದು "ಲಾಕ್ ಮಾಡ್ರಪ್ಪಾ" ಅಂತ ಸುದ್ದಿ ಮುಟ್ಟಿಸ್ತೈತಿ ಅಷ್ಟ, ಕೇಳಿಸ್ಕೊಳ್ಳೋ ಪ್ರೋಗ್ರಾಂ ಇಲ್ಲಂದ್ರ ಎರರ್ ಸುದ್ದಾ ಬರಂಗಿಲ್ಲ, ಸುಮ್ನ ಇರ್ತೈತಿ. ಆ ಸುಮ್ನ ಇರೋದ ಉತ್ತರ.

## ಕೈಯಿಂದ ಲಾಕ್ ಆಗ್ತೈತಿ, ತಾನಾಗಿ ಯಾವತ್ತೂ ಆಗಂಗಿಲ್ಲ

ಮೊದ್ಲ ಬ್ರೌಸರ್ ಮುಚ್ಚಿ ನೋಡ್ರಿ. ಅಂಗಡ್ಯಾಗ ಮುಂಜಾನಿಂದ ರಾತ್ರಿ ತನಕ ಯೂಟ್ಯೂಬ್‌ನ್ಯಾಗ ಭಜನಿನೋ ಹಾಡೋ ಹಚ್ಚಿರ್ತೀವಿ, ವಿಡಿಯೋ ನಡದಿದ್ರ ಬ್ರೌಸರ್ "ಮಂದಿ ನೋಡಾಕತ್ತಾರ, ಸ್ಕ್ರೀನ್ ಕಪ್ಪ ಮಾಡಬ್ಯಾಡ" ಅಂತ ಡೆಸ್ಕ್‌ಟಾಪ್‌ಗೆ ಹೇಳ್ತೈತಿ. ಸ್ಕ್ರೀನ್ ಕಪ್ಪಾಗ್ಲಿಲ್ಲಂದ್ರ ಲಾಕೂ ಬೀಳಂಗಿಲ್ಲ. ಇದು ದೋಷ ಅಲ್ಲ, ಆದ್ರ ನಿಮಗ ನಷ್ಟಾನ. ಹಾಡಿಗೆ ಮೊಬೈಲ್ ಹಚ್ರಿ, ಇಲ್ಲಾ ಏಳೂಮುಂದ ಕೈಯಿಂದ ಲಾಕ್ ಒತ್ತೋದು ರೂಢಿ ಮಾಡ್ಕೊಳ್ರಿ, ಎರಡ್ನೇದ ಒಳ್ಳೇದು.

ಬ್ರೌಸರ್ ಮುಚ್ಚಿದ್ರೂ ಆಗ್ಲಿಲ್ಲಂದ್ರ ಮ್ಯಾಲಿನ ಪಟ್ಟಿದಾಗ ಕಾಫಿ ಕಪ್ಪಿನ ಚಿತ್ರ ಐತೇನು ನೋಡ್ರಿ, ಅದು ಕೆಫೀನ್, ಸ್ಕ್ರೀನ್‌ನ ಎಚ್ಚರ ಇಡಾಕಂತನ ಇರೋದು. ಎಕ್ಸ್‌ಎಫ್‌ಸಿಇದಾಗ ಬ್ಯಾಟರಿ ಚಿತ್ರ ಒತ್ತಿದ್ರ ಪ್ರೆಸೆಂಟೇಶನ್ ಮೋಡ್ ಅಂತ ಬರ್ತೈತಿ, ಎಂದೋ ಒಮ್ಮೆ ಪ್ರೊಜೆಕ್ಟರ್ ಹಚ್ಚಿದಾಗ ಆನ್ ಮಾಡಿದ್ದು ಹಂಗ ಉಳಿದಿರ್ತೈತಿ.

ಆಮ್ಯಾಲ ಮೌಸ್. ನಗಬ್ಯಾಡ್ರಿ. ಗಾಜಿನ ಟೇಬಲ್ ಮ್ಯಾಲ ಇಟ್ಟ ಆಪ್ಟಿಕಲ್ ಮೌಸ್ ಯಾರೂ ಮುಟ್ಟದಿದ್ರೂ ಬಾಣದ ಗುರ್ತನ್ನ ಒಂದೊಂದು ಕೂದಲೆಳಿ ಅಲುಗಿಸ್ತಿರ್ತೈತಿ, ಮಷೀನ್‌ಗೆ ಯಾರೋ ಕುಂತಾರ ಅಂತನ ಅನ್ನಿಸ್ತೈತಿ. ಮಿಲ್‌ನ್ಯಾಗ ತೌಡಿನ ಧೂಳು ಆ ಕೆಂಪು ಬೆಳಕಿನ ತೂತಿನ್ಯಾಗ ಕುಂತ್ರೂ ಇದ ಹಣೇಬಾರ. ಮೌಸ್ ಅಂಗಾತ ಮಾಡಿದ್ರ ಬೆಳಕು ಮ್ಯಾಲ ಬಿದ್ದು ಇನ್ನೂ ಕುಣಿತೈತಿ, ಅದಕ್ಕ ವೈರ್ ಕಿತ್ತಿಟ್ಟು ಬ್ಲ್ಯಾಂಕ್ ಟೈಮ್‌ನ 1 ನಿಮಿಷಕ್ಕ ಇಳಿಸಿ ಕಾಯ್ರಿ. ಲಾಕ್ ಬಿತ್ತಂದ್ರ ಕಳ್ಳ ಸಿಕ್ಕ. ಒಂದು ಮೌಸ್ ಪ್ಯಾಡ್ ತರ್ರಿ, ತೂತು ಒಣ ಬಟ್ಟಿಲೆ ಒರಸ್ರಿ.

ಎಕ್ಸ್11 ಇದ್ದವ್ರಿಗೆ ಇನ್ನೊಂದು ಐತಿ. ರೈಟ್ ಕ್ಲಿಕ್ ಮೆನು ಒಂದು ತೆರದಿಟ್ಟು ಎದ್ದು ಹೋಗಿದ್ರ ಕೀಬೋರ್ಡ್ ಮೌಸ್ ಎರಡೂ ಆ ಮೆನು ಕೈಯಾಗ ಇರ್ತಾವ, ಲಾಕ್ ಮಾಡೋ ಪ್ರೋಗ್ರಾಂ ಬಂದು ಕೇಳಿದ್ರ ಸಿಗಂಗಿಲ್ಲ, ಲಾಕ್ ಆಗಂಗಿಲ್ಲ. ಬೇಕಾದ್ರ ನೀವ ಮೆನು ತೆರದಿಟ್ಟು ಪರೀಕ್ಷೆ ಮಾಡಿ ನೋಡ್ರಿ. ಇದಕ್ಕ ಎಕ್ಸ್11ನ್ಯಾಗ ಪೂರ್ತಿ ಔಷಧ ಇಲ್ಲ.

## ಲ್ಯಾಪ್‌ಟಾಪ್ ಮುಚ್ಚಿ ತೆಗದ್ರ ಸೀದಾ ಡೆಸ್ಕ್‌ಟಾಪ್ ಕಾಣ್ತೈತಿ

ಹೊರಗಿನ ಮಾನಿಟರ್ ಇಲ್ಲಾ ಪ್ರೊಜೆಕ್ಟರ್ ಹಚ್ಚಿತ್ತೇನು ಕೇಳ್ಕೊಳ್ರಿ. ಲಾಗಿನ್, ಮುಚ್ಚಳ, ಮಲಗೋದು ಎಲ್ಲಾ ಒಳಗಿಂದ ನೋಡ್ಕೊಳ್ಳೋ ಸಿಸ್ಟಂಡಿಯ ಲಾಗಿನ್‌ಡಿ ಅನ್ನೋದು ಮುಚ್ಚಳ ಮುಚ್ಚಿದ್ರ ಮಾಮೂಲಿ ಸಸ್ಪೆಂಡ್ ಮಾಡ್ತೈತಿ, ಆದ್ರ ಎರಡ್ನೇ ಸ್ಕ್ರೀನ್ ಇದ್ರ ಏನೂ ಮಾಡಬಾರ್ದು ಅನ್ನೋದ ಅದರ ಡಿಫಾಲ್ಟ್. ಸಸ್ಪೆಂಡ್ ಆಗ್ಲಿಲ್ಲ, ಅದಕ್ಕ ಲಾಕೂ ಇಲ್ಲ. ಕೇಬಲ್ ತಗದು ಮುಚ್ಚಿ ನೋಡ್ರಿ.

ಕೇಬಲ್ ಇಲ್ದಿದ್ರೂ ಹಂಗ ಆದ್ರ ಸಸ್ಪೆಂಡ್ ಆದಾಗ ಲಾಕ್ ಮಾಡು ಅನ್ನೋ ಟಿಕ್ ಹುಡುಕ್ರಿ. ಉಬುಂಟುದಾಗ ಅದು ಮ್ಯಾಲ ಹೇಳಿದ ಸ್ಕ್ರೀನ್ ಲಾಕ್ ಒಳಗ, ಸಿನಮನ್‌ನ್ಯಾಗ ಸ್ಕ್ರೀನ್‌ಸೇವರ್ ಒಳಗ, ಎಕ್ಸ್‌ಎಫ್‌ಸಿಇದಾಗ ಪವರ್ ಮ್ಯಾನೇಜರ್ ಒಳಗ ಐತಿ.

ಅರ್ಧ ಸೆಕೆಂಡ್ ಡೆಸ್ಕ್‌ಟಾಪ್ ಮಿಂಚಿ ಆಮ್ಯಾಲ ಲಾಕ್ ಪರದೆ ಬಂದ್ರ ಅದು ಓಟದ ಪಂದ್ಯ: ಲಾಕ್ ಪರದೆ ಬರೋಕಿಂತ ಮೊದ್ಲ ಮಷೀನ್ ಮಲಗಿಬಿಟ್ಟೈತಿ. ಲಾಗಿನ್‌ಡಿ ಇದಕ್ಕಂತ ಮಲಗೋ ಮೊದ್ಲ 5 ಸೆಕೆಂಡ್ ತನಕ ತಡಿಯಾಕ ತಯಾರಿರ್ತೈತಿ, ಆದ್ರ ತಡಿ ಅಂತ ಲಾಕರ್, ಅಂದ್ರ ಲಾಕ್ ಮಾಡೋ ಪ್ರೋಗ್ರಾಂ, ಕೇಳ್ಬೇಕಲ್ಲ. ಐ3 ತರದ ಹಗುರ ವಿಂಡೋ ಮ್ಯಾನೇಜರ್ ಬಳಸೋರು ಎಕ್ಸ್‌ಎಸ್‌ಎಸ್-ಲಾಕ್ ಅನ್ನೋದನ್ನ ಟ್ರಾನ್ಸ್‌ಫರ್-ಸ್ಲೀಪ್-ಲಾಕ್ ಆಯ್ಕೆ ಜೊತಿ ಹಚ್ಚಿದ್ರ ಇದು ನಿಲ್ತೈತಿ. ಉಳಿದವ್ರು ಮುಚ್ಚಳ ಮುಚ್ಚೋ ಮೊದ್ಲ ಕೈಯಿಂದ ಲಾಕ್ ಮಾಡ್ರಿ, ಮಿಂಚಂಗಿಲ್ಲ.

ಒಂದು ಎಚ್ಚರಿಕೆ. ಮುಚ್ಚಳ ಮುಚ್ಚಿದ್ರೂ ಸಸ್ಪೆಂಡ್ ಆಗದ ಲ್ಯಾಪ್‌ಟಾಪ್‌ನ ಬ್ಯಾಗಿಗೆ ಹಾಕಬ್ಯಾಡ್ರಿ. ರಾಯಚೂರು ಬ್ಯಾಸಿಗ್ಯಾಗ ಬಸ್ ಕಿಟಕಿ ಬಾಜೂಕ ಆ ಬ್ಯಾಗ್ ಇಟ್ರ ಒಳಗ ಫ್ಯಾನಿಗೆ ಗಾಳಿನೂ ಇಲ್ಲ, ಮೈ ಸುಡೋವಷ್ಟು ಕಾದಿರ್ತೈತಿ. ಬ್ಯಾಟರಿ ಉಬ್ಬಿದಂಗ ಕಂಡ್ರ, ಟಚ್‌ಪ್ಯಾಡ್ ಮ್ಯಾಲೆದ್ದಂಗ ಕಂಡ್ರ ಅಲ್ಲಿಗೆ ನಿಲ್ಸಿ ಚಾರ್ಜರ್ ತಗದು ರಿಪೇರಿಯವ್ರ ಕೈಗೆ ಕೊಡ್ರಿ, ನೀವು ಒತ್ತಿ ನೋಡೋದು, ಚುಚ್ಚೋದು ಮಾಡಬ್ಯಾಡ್ರಿ.

## ಪಾಸ್‌ವರ್ಡ್ ಸರಿ ಐತಿ, ಲಾಕ್ ಮಾತ್ರ ತಪ್ಪು ಅಂತೈತಿ

ನಮ್ಮ ಕಡೆ ಹತ್ತರಾಗ ಎಂಟು ಸಲ ಇದು ಕೀಬೋರ್ಡ್ ಭಾಷೆದ್ದ. ಬಳ್ಳಾರಿ, ರಾಯಚೂರು ಡಿಟಿಪಿ ಅಂಗಡ್ಯಾಗ ಒಂದ ಮಷೀನ್‌ನ್ಯಾಗ ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಲೇಔಟ್ ಇರ್ತಾವ. ಮದುವಿ ಪತ್ರಿಕಿ ಕನ್ನಡದಾಗ ಹೊಡ್ಕೋಂತ ಇದ್ದಾಗ ಲಾಕ್ ಬೀಳ್ತೈತಿ, ಲಾಕ್ ಪರದಿಗೂ ಕೀಬೋರ್ಡ್ ಕನ್ನಡದಾಗ ಉಳಿತೈತಿ, ನೀವು ಇಂಗ್ಲಿಷ್ ಪಾಸ್‌ವರ್ಡ್ ಅಂತ ಒತ್ತಿದ ಕೀಗಳೆಲ್ಲ ಕಗಪ ಲೇಔಟ್‌ನ ಕನ್ನಡ ಅಕ್ಷರ ಆಗಿ ಹೋಗ್ತಾವ. ಕಾಣೋದು ಬರೇ ಚುಕ್ಕಿ, ಹಂಗಾಗಿ ಗೊತ್ತಾಗಂಗಿಲ್ಲ. "ಅಕ್ಕಾ, ಪಾಸ್‌ವರ್ಡ್ ಮರ್ತಿಲ್ಲ ನೀವು, ಮ್ಯಾಲ ಮೂಲ್ಯಾಗ ಏನ್ ಬರ್ದೈತಿ ನೋಡ್ರಿ" ಅಂದ್ರ ಅಲ್ಲಿ ಇಎನ್ ಇರೋ ಜಾಗದಾಗ ಬ್ಯಾರೆನ ಇರ್ತೈತಿ. ಅದನ್ನ ಒತ್ತಿ ಇಂಗ್ಲಿಷ್ ಮಾಡ್ರಿ, ಇಲ್ಲಾ ವಿಂಡೋಸ್ ಕೀ ಜೊತಿ ಸ್ಪೇಸ್ ಒತ್ರಿ. ಪಾಸ್‌ವರ್ಡ್ ಪೆಟ್ಟಿಗಿ ಬಾಜೂಕ ಕಣ್ಣಿನ ಗುರ್ತು ಇದ್ರ ಅದನ್ನ ಒತ್ತಿದ್ರ ನೀವು ಹೊಡ್ದಿದ್ದು ಕಾಣ್ತೈತಿ, ಹಿಂದ ಯಾರೂ ನಿಂತಿಲ್ಲಂತ ನೋಡ್ಕೊಂಡು ಒತ್ರಿ.

ಆಮ್ಯಾಲ ಕ್ಯಾಪ್ಸ್ ಲಾಕ್. ಪಾಸ್‌ವರ್ಡ್‌ನ್ಯಾಗ ಅಂಕಿ ಇದ್ದು ಬಲಗಡಿ ನಂಬರ್ ಪ್ಯಾಡ್‌ನ್ಯಾಗ ಹೊಡಿಯೋ ರೂಢಿ ಇದ್ರ ನಂಬರ್ ಪ್ಯಾಡಿನ ನಮ್‌ಲಾಕ್ ಕೀದು ದೀಪ ನೋಡ್ರಿ. ವೈರ್‌ಲೆಸ್ ಕೀಬೋರ್ಡ್ ಆದ್ರ ಸೆಲ್, ಇಳಿದ ಸೆಲ್ ನಡುವ ಒಂದೊಂದು ಅಕ್ಷರ ನುಂಗ್ತೈತಿ, ಚುಕ್ಕಿ ಎಣಿಸಿದ್ರ ಗೊತ್ತಾಗ್ತೈತಿ.

ಇಷ್ಟಾದ್ರೂ ಒಳಗ ಬಿಡವಲ್ದು ಅಂದ್ರ ಕಂಟ್ರೋಲ್, ಆಲ್ಟ್, ಎಫ್3 ಕೂಡ್ಸಿ ಒತ್ರಿ, ಲ್ಯಾಪ್‌ಟಾಪ್ ಆದ್ರ ಎಫ್‌ಎನ್ ಕೀನೂ ಬೇಕಾಗಬಹುದು. ಕಪ್ಪ ಪರದಿ ಮ್ಯಾಲ ಬರೇ ಅಕ್ಷರದಾಗ ಲಾಗಿನ್ ಅಂತ ಕೇಳ್ತೈತಿ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಡ್ರಿ. ಒಳಗ ಬಿಟ್ರ ಪಾಸ್‌ವರ್ಡ್ ಸರಿ, ತಕರಾರು ಲೇಔಟ್‌ದ್ದೋ ಲಾಕರ್‌ದ್ದೋ ಐತಿ. ಅಲ್ಲೂ ಬಿಡ್ಲಿಲ್ಲಂದ್ರ ಒಂದೋ ಪಾಸ್‌ವರ್ಡ್ ತಪ್ಪು, ಇಲ್ಲಾ ಖಾತೆಗೆ ತಡೆ ಬಿದ್ದೈತಿ. ಕೆಲವು ಡಿಸ್ಟ್ರೋದಾಗ (ಉಬುಂಟು, ಮಿಂಟ್ ತರದ ಲಿನಕ್ಸ್ ತಳಿ) ಪಾಸ್‌ವರ್ಡ್ ತಪಾಸಣೆ ಮಾಡೋ ಪ್ಯಾಮ್ ವ್ಯವಸ್ಥೆಯ ಫೇಲ್‌ಲಾಕ್ ಹಚ್ಚಿರ್ತಾರ, ಆರ್ಚ್ ಅನ್ನೋ ಡಿಸ್ಟ್ರೋದಾಗ ಮೊದಲಿಂದನ ಐತಿ: 15 ನಿಮಿಷದೊಳಗ 3 ಸಲ ತಪ್ಪಿದ್ರ 10 ನಿಮಿಷ ಸರಿ ಪಾಸ್‌ವರ್ಡ್ ಕೊಟ್ರೂ ಒಪ್ಪಂಗಿಲ್ಲ. ಗಾಬ್ರಿ ಆಗಿ ಮತ್ತ ಮತ್ತ ಹೊಡಿಬ್ಯಾಡ್ರಿ, ಚಾ ಕುಡ್ದು ಬರ್ರಿ. ಕೆಲಸ ಮುಗದ ಮ್ಯಾಲ ಆ ಕಪ್ಪ ಪರದ್ಯಾಗ ಎಕ್ಸಿಟ್ ಅಂತ ಹೊಡ್ದು ಲಾಗ್‌ಔಟ್ ಆಗ್ರಿ, ಮರೀಬ್ಯಾಡ್ರಿ. ಅಲ್ಲಿ ಲಾಗಿನ್ ಬಿಟ್ಟು ಬಂದ್ರ ಇತ್ಲಾಗ ಲಾಕ್ ಎಷ್ಟ್ ಗಟ್ಟಿ ಇದ್ರೂ ಅತ್ಲಾಗ ಕೀ ಒತ್ತಿದವ್ರಿಗೆ ನಿಮ್ಮ ಫೈಲ್ ಎಲ್ಲಾ ಸಿಗ್ತಾವ. ಡೆಸ್ಕ್‌ಟಾಪ್‌ಗೆ ವಾಪಸ್ ಬರಾಕ ಎಫ್2, ಇಲ್ಲಾ ಮಿಂಟ್ ಆದ್ರ ಎಫ್7.

ಸ್ವಂತ ಕಂಪೈಲ್ ಮಾಡಿದ ಐ3ಲಾಕ್, ಸ್ವೇಲಾಕ್ ತರದ್ದು ಸರಿ ಪಾಸ್‌ವರ್ಡ್‌ನ ಎಂದೂ ಒಪ್ಪವಲ್ದು ಅಂದ್ರ ಅದರ ಪ್ಯಾಮ್ ಫೈಲ್ ಇಲ್ಲಂತ ಅರ್ಥ. ಆ ಹುಡುಕಾಟ ಬಿಟ್ಟು ಡಿಸ್ಟ್ರೋದ ಪ್ಯಾಕೇಜ್ ಹಾಕ್ಕೊಳ್ರಿ. ಪ್ಯಾಮ್ ಫೈಲ್‌ಗೆ ಕೈ ಹಾಕಲೇಬೇಕಂದ್ರ ಇನ್ನೊಂದು ಟರ್ಮಿನಲ್‌ನ್ಯಾಗ ರೂಟ್ (ಎಲ್ಲಾ ಅಧಿಕಾರ ಇರೋ ಖಾತೆ) ಆಗಿ ಲಾಗಿನ್ ಇಟ್ಕೊಂಡಿರ್ರಿ, ಫೈಲ್‌ದು ನಕಲು ತಗದಿಟ್ಕೊಳ್ರಿ. ಅಲ್ಲಿ ಒಂದು ಸಾಲು ತಪ್ಪಾದ್ರ ಲಾಗಿನ್, ಸುಡೋ (ರೂಟ್ ಅಧಿಕಾರದಾಗ ಕಮಾಂಡ್ ನಡಸೋದು) ಎಲ್ಲಾ ಒಮ್ಮೆಗೆ ಬಂದ್ ಆಗ್ತಾವ. ಈ ಮಾತು ಅರ್ಥ ಆಗ್ಲಿಲ್ಲಂದ್ರ ಆ ಫೈಲ್ ತೆರಿಬ್ಯಾಡ್ರಿ, ತಿಳಿದವ್ರನ್ನ ಕರೀರಿ.

## ಲಾಕ್ ಪರದೆ ಹೆಪ್ಪುಗಟ್ಟೈತಿ, ಪಾಸ್‌ವರ್ಡ್ ಹೊಡಿಯಾಕೂ ಬರವಲ್ದು

ಪವರ್ ಬಟನ್ ಒತ್ತಿ ಹಿಡಿಯೋದು ಕಡೀದು. ಮೊದ್ಲ ಅರ್ಧ ನಿಮಿಷ ಸುಮ್ನ ಕಾಯ್ರಿ, ಹಳೇ ಹಾರ್ಡ್‌ಡಿಸ್ಕ್ ಮಷೀನ್ ಸಸ್ಪೆಂಡಿಂದ ಏಳಾಕ ಟೈಮ್ ತಗೋತೈತಿ. ಪರದೆ ಕಪ್ಪಿದ್ರೂ ಕುರುಡಾಗಿ ಪಾಸ್‌ವರ್ಡ್ ಹೊಡ್ದು ಎಂಟರ್ ಒತ್ತಿ ನೋಡ್ರಿ, ಒಮ್ಮೊಮ್ಮೆ ಚಿತ್ರ ಮಾತ್ರ ಬಂದಿರಂಗಿಲ್ಲ, ಒಳಗ ಎಲ್ಲಾ ನಡದಿರ್ತೈತಿ.

ಆಗ್ಲಿಲ್ಲಂದ್ರ ಮತ್ತ ಎಫ್3 ದಾರಿ. ಅಲ್ಲಿ ಲಾಗಿನ್ ಆಗಿ ಸುಡೋ ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್ಸ್ ಅಂತ ಹೊಡೀರಿ, ಗ್ನೋಮ್, ಕೆಡಿಇ ಎರಡೂ ಈ ಮಾತು ಕೇಳ್ತಾವ. ಕೆಡಿಇದಾಗ ಲಾಕರ್ ಕೆಟ್ರ ಅದ ಪರದಿ ಮ್ಯಾಲ ಇಂಥ ಕಮಾಂಡ್ ಹೊಡೀರಿ ಅಂತ ಬರೆದು ತೋರಿಸ್ತೈತಿ, ಹೆದರಿ ಆಫ್ ಮಾಡಬ್ಯಾಡ್ರಿ, ಓದ್ರಿ.

ಸ್ವೇ (ವೇಲ್ಯಾಂಡ್ ಮ್ಯಾಲ ನಡಿಯೋ ಐ3 ತರದ್ದು) ಬಳಸೋರಿಗೆ ಇಡೀ ಪರದೆ ಕೆಂಪಾಗಿ ನಿಂತಿದ್ದು ಕಂಡ್ರ ಅದು ಒಳ್ಳೇ ಸುದ್ದಿನ ಅನ್ನಿ: ಲಾಕ್ ಮಾಡಿದ ಪ್ರೋಗ್ರಾಂ ಸತ್ತೈತಿ, ಆದ್ರೂ ಬಾಗಿಲು ತೆರೆದಿಲ್ಲ. ಯಾಕಂತ ಮುಂದಿನ ಭಾಗದಾಗ ಐತಿ.

ಸಸ್ಪೆಂಡಿಂದ ಎದ್ದಾಗ ಮಾತ್ರ ಹಿಂಗಾಗ್ತೈತಿ, ಎಫ್3 ಒತ್ತಿದ್ರೂ ಏನೂ ಬರಂಗಿಲ್ಲ ಅಂದ್ರ ಲಾಕ್‌ನ ಬೈದು ಉಪಯೋಗ ಇಲ್ಲ, ಗ್ರಾಫಿಕ್ಸ್ ಡ್ರೈವರ್ ಕಡೆ ನೋಡ್ಬೇಕು. ಡ್ರೈವರ್ ಸರಿ ಆಗೋ ತನಕ ಸಸ್ಪೆಂಡ್ ಬಂದ್ ಇಟ್ಟು ಬರೇ ಲಾಕ್ ಇಟ್ಕೊಳ್ರಿ.

## ಲಾಕ್ ತಾನಾಗಿ ಬಿಚ್ಕೊಂತು, ಮಕ್ಕಳು ಕೀ ಬಡದ್ರ ಡೆಸ್ಕ್‌ಟಾಪ್ ಬಂತು

ಎಲ್ಲಾಕ್ಕಿಂತ ಗಂಭೀರ ಇದು. "ಏನೋ ಒಂದ್ಸಲ ಆತು ಬಿಡ್ರಿ" ಅಂತ ಬಿಡಬಾರ್ದು.

ಎಕ್ಸ್11ನ್ಯಾಗ ಲಾಕ್ ಅಂದ್ರ ಬ್ಯಾರೆ ಪ್ರೋಗ್ರಾಂಗಳಂಗ ಒಂದು ಪ್ರೋಗ್ರಾಂ, ಇಡೀ ಪರದಿ ಮುಚ್ಚಿ ಕೀಬೋರ್ಡ್ ಮೌಸ್ ತನ್ನ ಕೈಯಾಗ ಹಿಡ್ಕೊಂಡು ಕುಂತಿರ್ತೈತಿ. ಬಾಗಲಿಗೆ ಚಿಲಕ ಹಾಕೋ ಬದ್ಲಿ ಬಾಗಲ ಮುಂದ ಒಬ್ಬ ಆಳನ್ನ ನಿಂದರಿಸಿದಂಗ. ಆಳು ತಲಿತಿರುಗಿ ಬಿದ್ರ ಬಾಗಲು ತೆರದ ಐತಿ. ಅಂದ್ರ ಆ ಪ್ರೋಗ್ರಾಂ ಕ್ರ್ಯಾಶ್ ಆದ್ರ ಲಾಕ್ ಹೋತು. 2021ರ ಜನವರ್ಯಾಗ ಮಿಂಟ್‌ನ ಸಿನಮನ್ ಸ್ಕ್ರೀನ್‌ಸೇವರ್‌ಗೆ ಇದ ಆಗಿತ್ತು: ಒಬ್ಬರ ಮನ್ಯಾಗ ಮಕ್ಕಳು ಕೀಬೋರ್ಡ್ ಮ್ಯಾಲೂ, ಪರದಿ ಮ್ಯಾಲಿನ ಕೀಬೋರ್ಡ್ ಮ್ಯಾಲೂ ಸಿಕ್ಕ ಸಿಕ್ಕ ಕೀ ಒತ್ತಿ ಲಾಕ್ ಬಿಚ್ಚಿಬಿಟ್ರು, ಅಪ್ಪ ಅದನ್ನ ಮಿಂಟ್‌ನವ್ರಿಗೆ ವರದಿ ಮಾಡಿದ್ರು. ಪರದಿ ಕೀಬೋರ್ಡ್‌ನ ಲಿಬ್‌ಕ್ಯಾರಿಬೌ ಅನ್ನೋ ತುಣುಕಿನ್ಯಾಗ ದೋಷ ಇತ್ತು, ಅದು ಬಿದ್ದಾಗ ಲಾಕ್‌ನೂ ಎಳ್ಕೊಂಡು ಬಿತ್ತು. ಮಿಂಟ್‌ನವ್ರು ಕೂಡ್ಲೆ ಅಪ್‌ಡೇಟ್ ಕೊಟ್ರು. ಅದಕ್ಕೂ ಮೊದ್ಲ 2012ರಾಗ ಎಕ್ಸ್11 ನಡಸೋ ಎಕ್ಸ್ ಸರ್ವರ್ ಪ್ರೋಗ್ರಾಂನ 1.11 ವರ್ಷನ್ ಇದ್ದ ಮಷೀನ್‌ಗಳ್ಯಾಗ ಕಂಟ್ರೋಲ್, ಆಲ್ಟ್ ಜೊತಿ ನಂಬರ್ ಪ್ಯಾಡಿನ ಗುಣಾಕಾರದ ಕೀ ಒತ್ತಿದ್ರ ಸಾಕು, ಲಾಕ್ ಹಾರಿ ಹೋಗ್ತಿತ್ತು. ಡೆವಲಪರ್‌ಗಳು ತಮ್ಮ ಪರೀಕ್ಷೆಗಂತ ಇಟ್ಕೊಂಡ ಕೀ ಅದು, ಎಲ್ಲಾರ ಮಷೀನ್‌ಗೂ ಹಂಗ ಬಂದುಬಿಟ್ಟಿತ್ತು.

ವೇಲ್ಯಾಂಡ್‌ನ್ಯಾಗ ರಚನೆ ಬೇರೆ. ಲಾಕ್ ಹಿಡಿಯೋದು ಪರದಿನ ನಡಸೋ ಕಂಪೋಸಿಟರ್. ಸೆಷನ್ ಲಾಕ್ ಅನ್ನೋ ಪ್ರೋಟೋಕಾಲ್‌ನ ನಿಯಮ ಏನಂದ್ರ ಲಾಕ್ ಪ್ರೋಗ್ರಾಂ ಸತ್ರೂ ಪರದೆ ಮುಚ್ಚಿನ ಇರಬೇಕು. ಮ್ಯಾಲ ಹೇಳಿದ ಸ್ವೇ ಕೆಂಪು ಪರದೆ ಅದ. ಹಂಗಾಗಿ ಮಂದಿ ಓಡಾಡೋ ಜಾಗದಾಗ ಇರೋ ಮಷೀನ್‌ಗೆ ವೇಲ್ಯಾಂಡ್ ಇದ್ದ ಡೆಸ್ಕ್‌ಟಾಪ್ ಆರಿಸ್ರಿ ಅಂತನ ನಾ ಹೇಳೋದು, ಬಾಕಿ ಯಾವ ಸೆಟ್ಟಿಂಗೂ ಇಷ್ಟು ಫರಕ ಮಾಡಂಗಿಲ್ಲ.

ಎಕ್ಸ್11ನ್ಯಾಗ ಇರಲೇಬೇಕಂದ್ರ ಮೊದ್ಲ ಎಲ್ಲಾ ಅಪ್‌ಡೇಟ್ ಹಾಕ್ರಿ. ಎರಡ್ನೇದು, ಲಾಕರ್ ಒಂದ ಇರಬೇಕು. ಸೆಷನ್ ಅಂಡ್ ಸ್ಟಾರ್ಟಪ್‌ನ್ಯಾಗ ಲೈಟ್‌ಲಾಕರ್, ಎಕ್ಸ್‌ಸ್ಕ್ರೀನ್‌ಸೇವರ್, ಎಕ್ಸ್‌ಎಫ್‌ಸಿಇ4 ಸ್ಕ್ರೀನ್‌ಸೇವರ್ ಮೂರಕ್ಕೂ ಟಿಕ್ ಇದ್ದಿದ್ದು ಎಷ್ಟೋ ಮಷೀನ್‌ನ್ಯಾಗ ಸಿಗ್ತೈತಿ, ಎರಡು ಸಲ ಪಾಸ್‌ವರ್ಡ್ ಕೇಳೋದು, ಲಾಕ್ ಬಿದ್ದು ಕಪ್ಪಾಗೇ ಉಳಿಯೋದು ಎಲ್ಲಾ ಈ ಜಗಳದ್ದ. ಒಂದು ಇಟ್ಟು ಉಳಿದಿದ್ದು ತಗೀರಿ. ಯಾವ್ದು ಇಡ್ಲಿ ಅಂದ್ರ, ಎಕ್ಸ್‌ಸ್ಕ್ರೀನ್‌ಸೇವರ್ ನೋಡಾಕ ಹಳೇ ಕಾಲದ್ದು, ಜೇಮಿ ಜಾವಿನ್ಸ್ಕಿ 1992ರಿಂದ ಅದನ್ನ ನಡಸ್ಕೋಂತ ಬಂದಾರ, ಆದ್ರ ಅದ್ರಾಗ ಚಿತ್ರ ಬರಿಯೋ ಪ್ರೋಗ್ರಾಂ ಬೇರೆ, ಲಾಕ್ ಹಿಡಿಯೋ ಪ್ರೋಗ್ರಾಂ ಬೇರೆ, ಚಿತ್ರ ಕ್ರ್ಯಾಶ್ ಆದ್ರ ಲಾಕ್ ಬಿಚ್ಚಂಗಿಲ್ಲ. ಎಕ್ಸ್11ಗೆ ಅದ ಚಲೋ.

ಡೆಸ್ಕ್‌ಟಾಪ್‌ನ ಕಪ್ಪ ಪರದಿಯಿಂದ ಸ್ಟಾರ್ಟ್‌ಎಕ್ಸ್ ಹೊಡ್ದು ಚಾಲೂ ಮಾಡೋರು ಒಂದು ನೋಡ್ಕೊಳ್ರಿ. ಎಕ್ಸ್ ಆ ಪರದಿ ಬಿಟ್ಟು ಬ್ಯಾರೆ ಪರದಿ ಮ್ಯಾಲ ನಡದಿದ್ರ, ಲಾಕ್ ಬಿದ್ದಿದ್ರೂ ಕಂಟ್ರೋಲ್ ಆಲ್ಟ್ ಎಫ್1 ಒತ್ತಿ ಆ ಪರದಿಗೆ ಹೋಗಿ ಕಂಟ್ರೋಲ್ ಸಿ ಒತ್ತಿದ್ರ ಎಕ್ಸ್ ಸತ್ತು ನಿಮ್ಮ ಹೆಸರಿನ ಶೆಲ್ (ಕಮಾಂಡ್ ಹೊಡಿಯೋ ಜಾಗ) ತೆರದ ಸಿಗ್ತೈತಿ. ಲಾಗಿನ್ ಮ್ಯಾನೇಜರ್ ಹಾಕ್ಕೊಳ್ರಿ.

ಅಪ್‌ಡೇಟ್ ಹಾಕಿದ ಮ್ಯಾಲೂ ಲಾಕ್ ತಾನಾಗಿ ಬಿಚ್ಚಿದ್ರ ಯಾವ ಕೀ ಒತ್ತಿದ್ರ ಆತು ಅನ್ನೋದನ್ನ ಊರಿಗೆಲ್ಲಾ ಸಾರಬ್ಯಾಡ್ರಿ, ಆ ಡಿಸ್ಟ್ರೋದ ಸೆಕ್ಯುರಿಟಿ ವರದಿ ದಾರಿಗೆ ತಿಳಿಸ್ರಿ. ಅಲ್ಲಿ ತನಕ ಏಳೂಮುಂದ ಲಾಗ್‌ಔಟ್.

## ಕರೆಂಟ್ ಹೋಗಿ ಬಂತು, ಪಾಸ್‌ವರ್ಡ್ ಇಲ್ದ ಡೆಸ್ಕ್‌ಟಾಪ್ ತೆರ್ಕೊಂಡೈತಿ

ಬಯಾಸ್‌ನ್ಯಾಗ (ಮಷೀನ್ ಚಾಲೂ ಆಗೂಮುಂದಿನ ಸೆಟ್ಟಿಂಗ್) ಕರೆಂಟ್ ಬಂದ ಕೂಡ್ಲೆ ಆನ್ ಆಗು ಅಂತ ಇಟ್ಟಿರ್ತಾರ, ಡೆಸ್ಕ್‌ಟಾಪ್‌ನ್ಯಾಗ ಆಟೋ ಲಾಗಿನ್ ಇಟ್ಟಿರ್ತಾರ. ಎರಡೂ ಕೂಡಿದ್ರ ಯುಪಿಎಸ್ ಕೈಕೊಟ್ಟ ಮಧ್ಯಾಹ್ನ ಅಂಗಡ್ಯಾಗ ಯಾರೂ ಇಲ್ದಾಗ ಮಷೀನ್ ತಾನ ಎದ್ದು ಎಲ್ಲಾ ತೆರ್ಕೊಂಡು ಕುಂತಿರ್ತೈತಿ. ಕರೆಂಟ್ ಹೋಗೋದೂ ಬ್ಯಾಡ, ಪ್ಲಗ್ ಕಿತ್ತಿ ಹಚ್ಚಿದ್ರ ಸಾಕು. ಯೂಸರ್ಸ್ ಸೆಟ್ಟಿಂಗ್‌ನ್ಯಾಗ, ಮಿಂಟ್‌ನ್ಯಾಗಾದ್ರ ಲಾಗಿನ್ ವಿಂಡೋ ಒಳಗ, ಆಟೋಮ್ಯಾಟಿಕ್ ಲಾಗಿನ್ ತಗೀರಿ. ಬದಲಿಸಿದ ಮ್ಯಾಲ ರೀಸ್ಟಾರ್ಟ್ ಮಾಡಿ ಖಾತ್ರಿ ಮಾಡ್ಕೊಳ್ರಿ, ಪ್ಲಗ್ ಕಿತ್ತಿ ಪರೀಕ್ಷೆ ಮಾಡಬ್ಯಾಡ್ರಿ, ಡಿಸ್ಕ್ ಹಾಳಾಗಬಹುದು.

ಇದು ಸರಿ ಮಾಡಿದ್ರೂ ಉಬುಂಟು, ಮಿಂಟ್‌ನ್ಯಾಗ ಚಾಲೂ ಆಗೂಮುಂದ ರಿಕವರಿ ಮೋಡ್‌ಗೆ ಹೋದವ್ರಿಗೆ ಪಾಸ್‌ವರ್ಡ್ ಇಲ್ದ ರೂಟ್ ಸಿಗ್ತೈತಿ. ಡಿಸ್ಕ್ ಬಿಚ್ಚಿ ಬ್ಯಾರೆ ಮಷೀನ್‌ಗೆ ಹಚ್ಚಿದವ್ರಿಗೆ ಲಾಕ್ ಪರದೆ ಲೆಕ್ಕಕ್ಕ ಇಲ್ಲ. ಅಷ್ಟು ಮಹತ್ವದ ಲೆಕ್ಕ ಇದ್ರ ಇನ್‌ಸ್ಟಾಲ್ ಮಾಡೂಮುಂದ ಲಕ್ಸ್ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ದ ಡಿಸ್ಕ್ ಓದಾಕ ಬರದಂಗ ಮಾಡೋದು) ಹಾಕ್ಸಿಕೊಳ್ರಿ. ಅದು ಇದ್ರೂ ಮಷೀನ್ ಸಸ್ಪೆಂಡ್ ಆಗಿದ್ದಾಗ ಕೀಲಿ ರ‍್ಯಾಮ್‌ನ್ಯಾಗ ಇರ್ತೈತಿ, ರಾತ್ರಿ ಅಂಗಡಿ ಹಾಕೂಮುಂದ ಪೂರ್ತಿ ಶಟ್‌ಡೌನ್ ಮಾಡ್ರಿ.

## ಲಾಕ್ ಗಟ್ಟಿ ಐತಿ, ಆದ್ರ ಪರದಿ ಮ್ಯಾಲ ಓಟಿಪಿ ಕಾಣ್ತೈತಿ

ಮೊಬೈಲ್‌ನ ಕೆಡಿಇ ಕನೆಕ್ಟ್ ತರದ್ರಿಂದ ಮಷೀನ್‌ಗೆ ಜೋಡಿಸಿದ್ರ, ಇಲ್ಲಾ ಬ್ರೌಸರ್‌ನ್ಯಾಗ ವಾಟ್ಸ್ಯಾಪ್ ತೆರದಿದ್ರ ಮೆಸೇಜ್ ಲಾಕ್ ಪರದಿ ಮ್ಯಾಲೂ ಬರಬಹುದು. ಗ್ನೋಮ್‌ನ್ಯಾಗ ನೋಟಿಫಿಕೇಶನ್ಸ್ ಒಳಗ ಲಾಕ್ ಸ್ಕ್ರೀನ್‌ದು ಬಂದ್ ಮಾಡ್ರಿ. ಇಷ್ಟ.

## ಪಾಸ್‌ವರ್ಡ್ ಖರೇನ ಮರ್ತೈತಿ

ಉಬುಂಟು, ಮಿಂಟ್ ಆದ್ರ ಅದ ರಿಕವರಿ ಮೋಡ್‌ನ್ಯಾಗ ರೂಟ್ ಆರಿಸಿ ಪಾಸ್‌ಡಬ್ಲ್ಯುಡಿ ಅಂತ ಹೊಡ್ದು ನಿಮ್ಮ ಯೂಸರ್ ಹೆಸರು ಕೊಟ್ರ ಹೊಸದು ಕೇಳ್ತೈತಿ, ಬರಿಯಾಕ ಆಗಂಗಿಲ್ಲ ಅಂತ ಎರರ್ ಬಂದ್ರ ಡಿಸ್ಕ್‌ನ ರೀಡ್-ರೈಟ್ ಆಗಿ ಮೌಂಟ್ ಮಾಡ್ಬೇಕು. ಫೈಲ್ ಎಲ್ಲಾ ಹಂಗ ಇರ್ತಾವ, ಆದ್ರ ಬ್ರೌಸರ್, ವೈಫೈ ಪಾಸ್‌ವರ್ಡ್ ಇಟ್ಟಿರೋ ಕೀರಿಂಗ್ ಹಳೇ ಪಾಸ್‌ವರ್ಡ್‌ನ ಕೇಳ್ಕೋಂತ ಕೂಡ್ತೈತಿ, ಹಳೇದು ನೆನಪಾಗ್ಲಿಲ್ಲಂದ್ರ ಕೀರಿಂಗ್ ಹೊಸದು ಮಾಡ್ಕೋಬೇಕು, ಒಳಗ ಉಳಿಸಿದ್ದು ಹೋಗ್ತೈತಿ.

ಮರೆತಿದ್ದು ಡಿಸ್ಕ್‌ನ ಎನ್‌ಕ್ರಿಪ್ಶನ್ ಪಾಸ್‌ವರ್ಡ್ ಆದ್ರ ಅಲ್ಲಿಗೆ ನಿಲ್ಸ್ರಿ. ಯಾರಾದ್ರೂ ಐದು ಸಾವಿರ ಕೊಟ್ರ ಬಿಚ್ಚಿ ಕೊಡ್ತೀನಿ ಅಂದ್ರ ನಂಬಬ್ಯಾಡ್ರಿ, ಬಿಚ್ಚಾಕ ಬರಂಗಿಲ್ಲ, ಬ್ಯಾಕಪ್ ಇದ್ರ ಅದೊಂದ ದಾರಿ.

ಬ್ಯಾರೆ ಯಾವ ದೋಷಕ್ಕಾದ್ರೂ ತಿಳಿದವ್ರ ಕಡೆ ಹೋಗೂಮುಂದ "ಲಾಕ್ ಆಗವಲ್ದು" ಅಂತಷ್ಟ ಹೇಳಿದ್ರ ಅವ್ರೂ ಇಲ್ಲೇ ಮೊದಲಿಂದ ಚಾಲೂ ಮಾಡ್ಬೇಕು. ಡಿಸ್ಟ್ರೋ ಹೆಸರು ವರ್ಷನ್, ಎಕ್ಸ್11ಓ ವೇಲ್ಯಾಂಡೋ, ಕೈಯಿಂದ ಲಾಕ್ ಆಗ್ತೈತೋ ಇಲ್ಲೋ, ಎಫ್3 ಪರದ್ಯಾಗ ಪಾಸ್‌ವರ್ಡ್ ಒಪ್ಪತೋ ಇಲ್ಲೋ ಇಷ್ಟು ಬರ್ಕೊಂಡು ಹೋಗ್ರಿ. ದೋಷ ಆದ ಕೂಡ್ಲೆ ಜರ್ನಲ್‌ಸಿಟಿಎಲ್ ಅಂತ ಹೊಡ್ದು ಸ್ಪೇಸ್ ಬಿಟ್ಟು ಅಡ್ಡಗೆರಿ ಬಿ ಹಚ್ಚಿದ್ರ ಆ ಸಲ ಚಾಲೂ ಆದಾಗಿಂದ ಬಂದ ದಾಖಲಿ ಕಾಣ್ತೈತಿ, ಕಡೀ ಪುಟದ ಫೋಟೋ ಮೊಬೈಲ್‌ನ್ಯಾಗ ತಗೊಂಡು ಹೋಗ್ರಿ. ಪಾಸ್‌ವರ್ಡ್ ಮಾತ್ರ ಚೀಟ್ಯಾಗ ಬರ್ದು ಕೊಡಬ್ಯಾಡ್ರಿ, ನೀವ ಬಾಜೂಕ ನಿಂತು ಹೊಡೀರಿ.